ಐದು ನಕ್ಷೆ, ಒಂದೇ ಮೊಣಕೈ

ಕ್ಯಾಂಪಿನ ಶಾಲೆ, ಒಂದನೇ ತರಗತಿಯ ಕೋಣೆ
ಡಿಸೆಂಬರ್ ೨೮, ಭಾನುವಾರ

ನನ್ನ ಟೀಚರಮ್ಮನಿಗೆ, ಕಾಲೇಜು ಓದುತ್ತಿರುವ ತಾಯಿಯ ಮುತ್ತುಗಳು.

ನಿನ್ನ ಪತ್ರ ಬಂತು. ಅದರ ತುಂಬ ಬರೀ ಎಚ್ಚರಿಕೆ. ಟೋಪಿ ಹಾಕು, ನೀರು ಕುಡಿ, ಮಂಡಿ ಜೋಪಾನ, ಹುಡುಗರ ಜೊತೆ ಪೈಪೋಟಿಗೆ ಇಳಿಯಬೇಡ. ನೀನು ಮೊದಲ ಸಲ ಶಾಲೆಯ ಪ್ರವಾಸಕ್ಕೆ ಹೊರಟಾಗ ನಾನು ಕೂಡ ಇಷ್ಟು ತಲೆ ತಿಂದಿರಲಿಲ್ಲ. ಬೈದುಕೊಳ್ಳುತ್ತಲೇ ಎರಡು ಸಲ ಓದಿದೆ, ಮಡಿಸಿ ಟೋಪಿಯೊಳಗೆ ಇಟ್ಟುಕೊಂಡೆ. ಹಾಗಾಗಿ ಟೋಪಿ ಹಾಕಿಕೊಂಡೇ ಇದ್ದೇನೆ.

ಈಗ ಕೂತಿರುವುದು ಪುಟ್ಟ ಮಕ್ಕಳ ಬೆಂಚಿನ ಮೇಲೆ. ರಜೆ ಎಂದು ಶಾಲೆಯನ್ನು ನಮ್ಮ ಕ್ಯಾಂಪಿಗೆ ಬಿಟ್ಟುಕೊಟ್ಟಿದ್ದಾರೆ. ಗೋಡೆಯ ಮೇಲೆ ಆನೆ, ಒಂಟೆ, ಒಂದರಿಂದ ನೂರು. ಅವುಗಳ ಕೆಳಗೆ ನಾವು ಸಾಲಾಗಿ ಇಟ್ಟ ಕಲ್ಲುಗಳು. ಸಂಜೆ ಬಸ್ಸು ಬರುತ್ತದೆ, ಎಲ್ಲರೂ ಗಂಟುಮೂಟೆ ಕಟ್ಟುತ್ತಿದ್ದಾರೆ. ನನ್ನದು ಬೆಳಿಗ್ಗೆಯೇ ಆಯಿತು. ಆದ್ದರಿಂದ ನಡೆದದ್ದನ್ನೆಲ್ಲ ಬಿಸಿಯಾಗಿರುವಾಗಲೇ ನಿನಗೆ ಬರೆದುಬಿಡುತ್ತೇನೆ.

ನಿನ್ನ ಅಪ್ಪನನ್ನು ಕೇಳಿದರೆ ನಮ್ಮದು ಕಲ್ಲು ಕುಟ್ಟುವ ಕೆಲಸ. ನಿನಗಾದರೂ ಸರಿಯಾಗಿ ಗೊತ್ತಿರಲಿ. ಮಣ್ಣು, ಹುಲ್ಲು, ಪೊದೆ ಎಲ್ಲದರ ಅಡಿಯಲ್ಲಿ ಭೂಮಿಯ ಮೂಳೆ ಇರುತ್ತದಲ್ಲ, ಆ ತಳಬಂಡೆ ಎಲ್ಲಿಂದ ಎಲ್ಲಿಗೆ ಹೋಗಿದೆ, ಯಾವ ಕಡೆಗೆ ವಾಲಿದೆ ಎಂದು ನಡೆದು, ಅಳೆದು, ನಕ್ಷೆ ಬರೆಯುವುದು. ಇಲ್ಲಿಯದು ಮುನ್ನೂರು ಕೋಟಿ ವರ್ಷದ ಕಲ್ಲು. ಬೂದು ಬಣ್ಣ, ಮೈತುಂಬ ಪಟ್ಟೆ. ನಡುವೆ ಒಂದು ಕಪ್ಪು ಕಲ್ಲಿನ ಪಟ್ಟಿ ಹಾದುಹೋಗುತ್ತದೆ. ಒಂದು ಕಡೆ ಕಾಣಿಸುತ್ತದೆ, ಇನ್ನೊಂದು ಕಡೆ ಮಣ್ಣಿನೊಳಗೆ ಮಾಯವಾಗುತ್ತದೆ, ಅದನ್ನು ಬೆನ್ನಟ್ಟಿ ಹೋಗುವುದೇ ನಮ್ಮ ಪಾಡು. ನಮ್ಮನ್ನು ಕರೆತಂದಿರುವ ಕಾಲೇಜಿನ ಮೇಷ್ಟ್ರದು ಒಂದೇ ಕಟ್ಟುನಿಟ್ಟು: ಕಾಲಿಟ್ಟು ನೋಡದ ಕಡೆ ಬಣ್ಣ ಹಾಕಬಾರದು. ನಕ್ಷೆಗೆ ಅವರ ಸಹಿ ಬಿದ್ದರೆ ನನಗೆ ಪದವಿ. ಬೀಳದಿದ್ದರೆ ಮುಂದಿನ ಚಳಿಗಾಲದ ಕ್ಯಾಂಪಿನವರೆಗೆ ಕಾಯಬೇಕು.

ನನ್ನ ಗುಂಪಿನಲ್ಲಿ ನಾಲ್ಕು ಮಕ್ಕಳು, ನನ್ನ ಸಹಪಾಠಿಗಳು. ಒಬ್ಬಳಿಗೆ ಮೌನಿ ಎಂದು ಹೆಸರಿಟ್ಟಿದ್ದೇವೆ, ನಿದ್ದೆಯಲ್ಲೂ ಬಾಯಿ ಮುಚ್ಚುವುದಿಲ್ಲ. ಒಬ್ಬ ಲಾಯರು, ದಿಕ್ಸೂಚಿಯ ಜೊತೆಗೂ ವಾದ ಮಾಡುತ್ತಾನೆ. ಉಳಿದವರು ಇಬ್ಬರು ಗೆಳತಿಯರು, ಬಾಚಣಿಗೆ ಕೂಡ ಇಬ್ಬರಿಗೂ ಒಂದೇ. ಎಲ್ಲರಿಗೂ ನಾನು ಆಂಟಿ. ಅಂಗಿಯ ಗುಂಡಿ ಕಿತ್ತುಹೋದರೆ ಆಂಟಿ, ಹೊಟ್ಟೆ ನೋವಾದರೆ ಆಂಟಿ. ಹುಡುಗರ ಜೊತೆ ಪೈಪೋಟಿ ಎಂದು ನೀನು ಹೆದರಿದ್ದೀಯ. ಇಲ್ಲಿ ಆದದ್ದು ಅದರ ತದ್ವಿರುದ್ಧ.

ಗುಡ್ಡದ ಬುಡದಲ್ಲಿ ಒಂದು ಕರಿಬಂಡೆ ಇದೆ. ಮಂಚದಷ್ಟು ದೊಡ್ಡದು, ಅರ್ಧ ನೆಲದಲ್ಲಿ ಹೂತಿದೆ, ಹುಟ್ಟಿದಾಗಿನಿಂದ ಅಲ್ಲೇ ಇದ್ದೇನೆ ಎನ್ನುವ ಗತ್ತು. ನಾನು ಅದನ್ನು ತಳಬಂಡೆ ಎಂದೇ ನಂಬಿ ಅಳೆದೆ. ನೆಟ್ಟಗೆ ಬರುತ್ತಿದ್ದ ಕಪ್ಪು ಪಟ್ಟಿ ಅಲ್ಲಿ ಫಕ್ಕನೆ ಪೂರ್ವಕ್ಕೆ ತಿರುಗಿದ ಹಾಗೆ ಬಂತು, ಮಡಿಸಿದ ಮೊಣಕೈ ಥರ. ಎಂಥ ಚೆಂದದ ತಿರುವು ಸಿಕ್ಕಿತು ಎಂದು ಹಿಗ್ಗಿ, ನಕ್ಷೆಯಲ್ಲಿ ಕಪ್ಪು ಕಲ್ಲಿಗೆಂದು ಗೊತ್ತುಮಾಡಿದ ಹಸಿರು ಪೆನ್ಸಿಲ್ಲಿನಿಂದ ಒತ್ತಿ ಒತ್ತಿ ಬರೆದೆ. ಸಂಜೆ ಎಲ್ಲರೂ ನೋಡಲಿ ಎಂದು ಮೇಜಿನ ಮೇಲೆ ಬೇರೆ ಹರಡಿದ್ದೆ.

ಶುಕ್ರವಾರ ಮೇಷ್ಟ್ರು ನಮ್ಮ ಐದೂ ನಕ್ಷೆಗಳನ್ನು ಆನೆ-ಒಂಟೆಗಳ ಮೇಲೆ ಅಂಟಿಸಿ ಕೈಕಟ್ಟಿ ನಿಂತರು. ನೀನು ಉತ್ತರಪತ್ರಿಕೆ ತಿದ್ದುವವಳು, ನಿನಗೆ ಹೇಳಬೇಕಾಗಿಯೇ ಇಲ್ಲ. ಐದರಲ್ಲೂ ಅದೇ ಮೊಣಕೈ, ಅದೇ ಜಾಗದಲ್ಲಿ, ಅದೇ ಹಸಿರು. ಲಾಯರಿನ ನಕ್ಷೆಯಲ್ಲಿ ನನ್ನ ಪೆನ್ಸಿಲ್ ಜಾರಿದ ಗೆರೆಯೂ ಇತ್ತು.

ಮೇಷ್ಟ್ರು ನಮ್ಮನ್ನು ಕರೆದುಕೊಂಡು ಹೋಗಿ ಆ ಬಂಡೆಯ ಅಡಿಗೆ ಹಾರೆ ಹಾಕಿಸಿದರು. ಕೆಳಗೆ ಮಣ್ಣು, ಒಣಗಿದ ಬೇರು, ಒಂದು ಮುರುಕು ಬಾಟಲಿ. ಮುನ್ನೂರು ಕೋಟಿ ವರ್ಷದ ತಳಬಂಡೆಯ ಕೆಳಗೆ ಬಾಟಲಿ ಹೇಗೆ ಬಂತು ಎಂದು ಮೆಲ್ಲಗೆ ಕೇಳಿದರು. ಅದು ಎಲ್ಲಿಂದಲೋ ಉರುಳಿ ಬಂದ ಕಲ್ಲು ಮಗಳೇ, ನಾನು ಬೆಪ್ಪುತಕ್ಕಡಿಯ ಹಾಗೆ ಅದರ ಮೇಲೆ ಇಡೀ ಗುಡ್ಡವನ್ನು ತಿರುಗಿಸಿದ್ದೆ.

ಅಳೆದವರು ಯಾರು ಎಂದಾಗ ನಾನು ಕೈ ಎತ್ತಿದೆ. ಆಗ ಮೇಷ್ಟ್ರು ಹೇಳಿದ್ದು ಕೇಳು. "ತಪ್ಪಾದ್ರೂ ನೀವು ಅಳತೆ ಮಾಡಿದ್ದೀರಿ. ಮಾರ್ಕ್ಸ್ ಕಡಿಮೆ ಕೊಟ್ಟು ಸಹಿ ಹಾಕ್ತೀನಿ. ನೋಡದೇ ಬರ್ಕೊಂಡಿರೋರಿಗೆ ಮಾತ್ರ ಹಾಕಲ್ಲ" ಎಂದರು. ಮಕ್ಕಳ ಮುಖ ಸಪ್ಪಗಾಯಿತು. ಗೆಳತಿಯರಲ್ಲಿ ಒಬ್ಬಳು ಅಳುತ್ತಾ, ಆಂಟಿ ಅಳೆದಿದ್ದಾರೆ ಅಂದ ಮೇಲೆ ನಾವು ಮತ್ತೆ ನೋಡೋದೇನಿದೆ ಅಂದ್ಕೊಂಡ್ವಿ ಸಾರ್ ಎಂದಳು. ನನಗೆ ಅವಳನ್ನು ಅಪ್ಪಿಕೊಳ್ಳಬೇಕೋ ಎರಡು ಬಿಡಬೇಕೋ ತಿಳಿಯಲಿಲ್ಲ.

ಇನ್ನೊಂದು ದಿನ ಕೊಡಿ, ಎಲ್ಲರೂ ಆ ಮೂಲೆಯನ್ನು ಮೊದಲಿನಿಂದ ಮಾಡುತ್ತೇವೆ ಎಂದು ನಾನು ಮೇಷ್ಟ್ರಿಗೆ ಗಂಟುಬಿದ್ದೆ. ನನ್ನದನ್ನೂ ವಾಪಸ್ ಕೊಡಿ, ಸುಳ್ಳು ಮೊಣಕೈಗೆ ಸಹಿ ಬೇಡ ಎಂದೆ. ನನಗಿಂತ ಚಿಕ್ಕವರು ಅವರು, ಆದರೂ ಬಹುವಚನದಲ್ಲೇ ಚೆನ್ನಾಗಿ ಹೆದರಿಸಲು ಬರುತ್ತದೆ. "ಯೋಚ್ನೆ ಮಾಡಿ. ವಾಪಸ್ ತಗೊಂಡ್ರೆ ನಿಮಗೂ ಎಲ್ಲರ ರೂಲೇ. ನಾಳೆ ಸಂಜೆಗೆ ಮೂಲೆ ತುಂಬಿಲ್ಲ ಅಂದ್ರೆ ಸಹಿ ಇಲ್ಲ." ನಾನು ವಾಪಸ್ ತೆಗೆದುಕೊಂಡು ಆ ಹಸಿರನ್ನು ಕಾಗದ ತೂತಾಗುವಷ್ಟು ಉಜ್ಜಿದೆ.

ನಿನ್ನೆ ಬೆಳಿಗ್ಗೆ ಐವರೂ ಹೊರಟೆವು. ಬಂಡೆಯವರೆಗೆ ಹೋಗುವಷ್ಟರಲ್ಲಿ ನನ್ನ ಮಂಡಿ ಕೈಕೊಟ್ಟಿತು. ನೀನು ಹೇಳಿದ್ದೇ ಆಯಿತು ನೋಡು. ಅದರ ಮೇಲೆಯೇ ಕೂತು, ಇದು ಎಲ್ಲಿಂದ ಉರುಳಿ ಬಂತು ಅಂತ ಹುಡುಕ್ಕೊಂಡು ಬನ್ನಿ, ನನ್ನಿಂದ ಹತ್ತೋಕಾಗಲ್ಲ ಎಂದೆ. ನಾಲ್ವರೂ ದಾರಿ ತಪ್ಪಿದ ಕುರಿಗಳ ಹಾಗೆ ನಿಂತರು. ಯಾವ ಕಡೆ ಹೋಗೋಣ ಆಂಟಿ ಎಂದರು. ನನಗೇನು ಗೊತ್ತು, ನಾನು ಬಾಟಲಿ ಮೇಲೆ ಗುಡ್ಡ ಕಟ್ಟಿದೋಳು ಎಂದೆ. ಕೊನೆಗೆ ಲಾಯರು ಎಡಕ್ಕೆ ಹೋದ, ಅವನ ಮೇಲಿನ ಹಟಕ್ಕೆ ಮೌನಿ ಬಲಕ್ಕೆ ಹೋದಳು. ಗೆಳತಿಯರು ಬದುಕಿನಲ್ಲಿ ಮೊದಲ ಬಾರಿಗೆ ಒಬ್ಬರನ್ನೊಬ್ಬರು ಬಿಟ್ಟು ಬೇರೆ ಬೇರೆ ದಾರಿ ಹಿಡಿದರು.

ಕೆಳಗೆ ಕೂತು ಅವರ ಸುತ್ತಿಗೆಗಳ ಸದ್ದು ಕೇಳುವುದು ಎಂಥ ಸುಖ ಗೊತ್ತೇ. ಹಗುರ ಬಿಸಿಲು, ತಣ್ಣನೆ ಗಾಳಿ. ಮೇಲೆ ವಾದ, ಬೈಗುಳ, ನಗು, ಮಧ್ಯೆ ಮೌನಿಯ ಎಡೆಬಿಡದ ವಟವಟ. ಮಧ್ಯಾಹ್ನದ ಹೊತ್ತಿಗೆ ಮೌನಿ ಸುಮ್ಮನಾದಳು. ಏನೋ ಸಿಕ್ಕಿದೆ ಎಂದು ನನಗೆ ಆಗಲೇ ಗೊತ್ತಾಯಿತು. ಆಮೇಲೆ ನಾಲ್ವರೂ ಒಟ್ಟಿಗೆ ಕೂಗಿದರು. ಗುಡ್ಡದ ನೆತ್ತಿಯ ಹಿಂದೆ, ಪೊದೆಗಳ ಮರೆಯಲ್ಲಿ, ಕಪ್ಪು ಪಟ್ಟಿ ಎಲ್ಲೂ ತಿರುಗದೆ ನೆಟ್ಟಗೆ ಹೋಗಿತ್ತು. ನಾಲ್ವರೂ ತಂತಮ್ಮ ದಿಕ್ಸೂಚಿ ಇಟ್ಟು, ತಂತಮ್ಮ ಕಣ್ಣಿಂದ ಅಳೆದರು. ಅಳತೆಗಳು ಅಷ್ಟಿಷ್ಟು ಬೇರೆಯಾಗಿದ್ದವು, ಸಂಜೆ ಅದನ್ನು ನೋಡಿ ಮೇಷ್ಟ್ರ ಮೀಸೆ ಕೂಡ ನಕ್ಕಿತು. ನಾಲ್ಕಕ್ಕೂ ಸಹಿ ಬಿತ್ತು.

ಮೇಷ್ಟ್ರು ಬರುವ ಮುಂಚೆ ಮಕ್ಕಳು ನನ್ನ ಸುತ್ತ ಕೂತು ತಮ್ಮ ನಕ್ಷೆಗಳನ್ನು ನನ್ನ ಕಡೆ ತಳ್ಳಿದ್ದರು. "ನಮ್ದು ನೋಡ್ಕೊಂಡು ಬರ್ಕೊಳ್ಳಿ ಆಂಟಿ, ಯಾರಿಗೂ ಗೊತ್ತಾಗಲ್ಲ." ಇಷ್ಟೆಲ್ಲ ಆದ ಮೇಲೂ! ನಾನು ನಕ್ಕು ನಕ್ಕು ಕಣ್ಣೊರೆಸಿಕೊಂಡೆ. ನನ್ನ ಮೂಲೆಯನ್ನು ಬಿಳಿಯಾಗಿಯೇ ಬಿಟ್ಟೆ. ಮೇಷ್ಟ್ರು ಅಲ್ಲಿ ಬೆರಳಿಟ್ಟು ಇಲ್ಲಿ ಯಾಕೆ ಏನೂ ಇಲ್ಲ ಎಂದರು. ಕಾಲಿಟ್ಟಿಲ್ಲ ಸಾರ್ ಎಂದೆ. ಅವರು "ಖಾಲಿ ಬಿಟ್ಟಿದ್ದು ಸರಿ. ಆದ್ರೆ ರೂಲು ರೂಲೇ. ಮುಂದಿನ ವರ್ಷ ಬಂದು ತುಂಬಿಸಿ" ಎಂದು ಪೆನ್ನು ಜೇಬಿಗೆ ಹಾಕಿಕೊಂಡರು.

ಹೌದು ಕಣೇ, ನಿನ್ನಮ್ಮ ಫೇಲು. ಆದರೂ ಇಷ್ಟು ಖುಷಿಯಾಗಿ ನಾನು ಯಾವ ಪರೀಕ್ಷೆಯಲ್ಲೂ ಪಾಸಾಗಿರಲಿಲ್ಲ. ಅಪ್ಪನ ಹತ್ತಿರ ಮಾತ್ರ ಫೇಲು ಎನ್ನಬೇಡ, ಮತ್ತೆ ಕರೆದಿದ್ದಾರೆ ಎನ್ನು. ನಿನ್ನ ತರಗತಿಯ ತುಂಟರಿಗೆಲ್ಲ ನನ್ನ ಪ್ರೀತಿ ತಿಳಿಸು.

ನಿನ್ನ ಡುಮ್ಕಿ ಹೊಡೆದ
ಅಮ್ಮ

ತಾ.ಕ.: ಮುಲಾಮು ಕಳಿಸಬೇಡ. ಮಂಡಿಗೆ ಏನೂ ಆಗಿಲ್ಲ. ನಾನು ಮೇಲೆ ಹತ್ತಿದ್ದರೆ ನಾಲ್ವರೂ ನನ್ನ ದಿಕ್ಸೂಚಿಯನ್ನೇ ನೋಡುತ್ತಿದ್ದರು. ನಾನು ಕೂರದಿದ್ದರೆ ಅವರು ಹುಡುಕುತ್ತಿರಲಿಲ್ಲ. ನೀನು ಟೀಚರು, ನಿನಗೆ ಅರ್ಥವಾಗುತ್ತದೆ. ಆ ಮಕ್ಕಳಿಗೆ ಮಾತ್ರ ಹೇಳಬೇಡ. ಇವತ್ತು ಬೆಳಿಗ್ಗೆ ಅವರೆಲ್ಲ ಮಲಗಿದ್ದಾಗ ಒಬ್ಬಳೇ ಗುಡ್ಡದ ನೆತ್ತಿಯವರೆಗೆ ಹೋಗಿ ಆ ಕಪ್ಪು ಪಟ್ಟಿಯ ಮೇಲೆ ಕೈಯಿಟ್ಟು ಬಂದೆ, ಒಂದು ಕಡೆಯೂ ನಿಲ್ಲದೆ. ಮತ್ತೊಂದು ಚಳಿಗಾಲ ಇಲ್ಲಿಗೆ ಬರಲು ಅಮ್ಮನಿಗೆ ನೆಪ ಬೇಕಿತ್ತು ಎಂದು ನೀನು ಅನ್ನುತ್ತೀಯ. ಅದೂ ಸುಳ್ಳಲ್ಲ.