ಗಂಡನ ಹೆಸರು ಕೇಳುವ ಕಂಬ

ಮಲಪ್ರಭೆಯ ದಂಡೆ
ಇಸವಿ ಎರಡು ಸಾವಿರದ ನೂರಾ ಅರವತ್ತೆರಡು, ಹದಿಮೂರನೆಯ ತಿಂಗಳು, ಸೋಮವಾರ

ಜಾಲತಾಣ, ಆ್ಯಪು ಕಟ್ಟುವ, ನೂರು ವರ್ಷಕ್ಕೂ ಹಿಂದಿನ ಹಿರಿಯರಿಗೆ ಶರಣು.

ಮಳೆ ತನ್ನ ತಿಂಗಳು ಬಿಟ್ಟು ಅಲೆಯತೊಡಗಿದ ಮೇಲೆ ನಮ್ಮ ವರ್ಷಕ್ಕೆ ಇನ್ನೊಂದು ತಿಂಗಳು ಸೇರಿಸಿದ್ದಾರೆ. ತಾರೀಖು ನೋಡಿ ಹುಚ್ಚಿ ಎನ್ನಬೇಡಿ. ನಾನು ಊರ ಶಾಲೆಯಲ್ಲಷ್ಟೇ ಕಲಿತ ಐವತ್ತರ ಹೆಂಗಸು. ಕೆಲವು ಪದ ವಿಚಿತ್ರವಾಗಿ ಕಂಡರೆ ಹೊಟ್ಟೆಗೆ ಹಾಕಿಕೊಳ್ಳಿ. ಸಿಟ್ಟು ಕಂಡರೆ ಅದು ನಿಮಗೇ ಸೇರಿದ್ದು, ಇಟ್ಟುಕೊಳ್ಳಿ.

ನಮ್ಮಲ್ಲಿ ಓಣಿಗೊಂದು ಕೇಳುಗಂಬ ಇದೆ. ನೀವು ಕೈಯಲ್ಲಿ ಹಿಡಿದು ತಿರುಗುವ ಪರದೆಗಳೆಲ್ಲ ಕೂಡಿ ಒಂದು ಕಂಬವಾಗಿವೆ ಎಂದು ತಿಳಿಯಿರಿ. ನೀರು ಬೇಕಿದ್ದರೂ, ಜೋಳ ಬೀಸಿಸಬೇಕಿದ್ದರೂ, ಮಠದ ದಾಸೋಹಕ್ಕೆ ಕಾಳು ಕಳಿಸಬೇಕಿದ್ದರೂ ಅದರ ಮುಂದೆ ನಿಂತು ಹೇಳಬೇಕು. ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಹೆಂಗಸರೆಲ್ಲ ಅಲ್ಲಿ ಸೇರುತ್ತೇವೆ. ಕೇಳಿದ್ದನ್ನೇ ಕೇಳುತ್ತದೆಂದು ಮುದುಕಿಯರು ಅದಕ್ಕೆ ಕಿವುಡ ಮಾವ ಎಂದು ಹೆಸರಿಟ್ಟು ನಗುತ್ತಾರೆ. ಹೋದ ತಿಂಗಳವರೆಗೆ ನಾನೂ ನಗುತ್ತಿದ್ದೆ.

ನನ್ನ ಅಕ್ಕ ನೀಲಗಂಗವ್ವನ ಗಂಡ ಚನ್ನವೀರಪ್ಪನವರು ಉಣ್ಣುತ್ತ ಕುಳಿತಲ್ಲೇ ಎದೆ ಹಿಡಿದುಕೊಂಡು ವಾಲಿದರು. ಭಾವನ ಹೆಸರನ್ನು ನಾನು ಬರೆಯಬಲ್ಲೆ. ಅಕ್ಕ ಮದುವೆಯಾದಂದಿನಿಂದ ಅದನ್ನು ಬಾಯಿಗೆ ತಂದವಳಲ್ಲ. ಹೆಸರು ಹೇಳಿದರೆ ಗಂಡನ ಆಯುಸ್ಸು ತಗ್ಗುತ್ತದೆ ಎಂಬುದು ನಮ್ಮ ನಂಬಿಕೆ. ಅದು ನಿಮ್ಮ ಕಾಲಕ್ಕೇ ಸಾಯುತ್ತದೆ ಎಂದುಕೊಂಡಿದ್ದಿರೇನೋ, ಸತ್ತಿಲ್ಲ. ಓಣಿಯವರೆಲ್ಲ ಹೊಲದಲ್ಲಿದ್ದ ಹೊತ್ತು. ಆಸ್ಪತ್ರೆಯ ಗಾಡಿ ಕರೆಯಲು ಅಕ್ಕ ಕಂಬಕ್ಕೆ ಓಡಿದಳು. ಕಂಬ ರೋಗಿಯ ಹೆಸರು ಕೇಳಿತು. ನಮ್ಮ ಮನೆಯವರು ಎಂದಳು. ಶಿವಲೀಲಾಳ ಅಪ್ಪ ಎಂದಳು. ಊರಿಗೆಲ್ಲ ಗೊತ್ತಿರುವ ಕುರುಹು ಹೇಳಿದಳು. ಕಂಬ ಬಹಳ ವಿನಯದಿಂದ ಮತ್ತೆ ಹೆಸರನ್ನೇ ಕೇಳಿತು. ಜೀವ ಹೋಗುತ್ತಿರುವ ಹೊತ್ತಿನಲ್ಲಿ ಅವಳು ಅವರ ಆಯುಸ್ಸನ್ನು ಹೇಗೆ ಕತ್ತರಿಸಿಯಾಳು? ನಾನು ಹೊಲದಿಂದ ಬಂದು, ನೋಡಿ, ಹೆಸರು ಹೇಳಿ, ಗಾಡಿ ಬರುವಷ್ಟರಲ್ಲಿ ಭಾವ ಇರಲಿಲ್ಲ.

ಕಂಬ ಕಟ್ಟಿದವರ ಕಡೆಯವನೊಬ್ಬ ಬಂದ. ಕೆಟ್ಟವನಲ್ಲ, ಕೊಟ್ಟ ನೀರನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ಸಾವಿರ ಜನರ ಮೇಲೆ ಪರೀಕ್ಷಿಸಿದ್ದೇವೆ, ಹೆಸರಿನ ಹತ್ತಿರ ಒಬ್ಬರೂ ತಡವರಿಸಲಿಲ್ಲ ಎಂದ. ಯಾವ ಊರಿನವರು ಎಂದು ಕೇಳಿದೆ. ನೆರಳುಜನರಂತೆ. ಅಂದರೆ ಹಿಂದಿನವರು ನಿಮ್ಮ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳನ್ನು ಕಲಸಿ ಯಂತ್ರದೊಳಗೆ ಮಾಡಿಟ್ಟ ಮಂದಿ. ಅವರಿಗೆ ಹಸಿವಿಲ್ಲ, ನಾಚಿಕೆಯಿಲ್ಲ. ಗೋಡೆಗೆ ಒರಗಿದ್ದ ಅಕ್ಕ ಅಷ್ಟೇ ಕೇಳಿದಳು: "ಅವರೊಳಗ ಮುತ್ತೈದೇರು ಎಷ್ಟ ಮಂದಿ ಇದ್ರೋ ಯಪ್ಪಾ?"

ಅವನು ನೀರಿನ ಲೋಟ ಕೆಳಗಿಟ್ಟು ಎದ್ದುಹೋದ.

ಈ ನೆರಳುಗಳನ್ನು ಹೆತ್ತವರು ನೀವು. ನಿಮ್ಮಲ್ಲಿ ಒಂದು ಒಳ್ಳೆಯ ರೂಢಿಯಿತ್ತಂತೆ: ಕಟ್ಟುವ ಮೊದಲು ಬಳಸುವವರ ಮನೆಗೆ ಹೋಗಿ, ಪಕ್ಕದಲ್ಲಿ ಸುಮ್ಮನೆ ಕುಳಿತು, ಅವರ ಬೆರಳು ಎಲ್ಲಿ ನಿಲ್ಲುತ್ತದೆ, ಮುಖ ಎಲ್ಲಿ ಬಾಡುತ್ತದೆ ಎಂದು ನೋಡುವುದು. ಹೊತ್ತು ಹಿಡಿಯುತ್ತದೆ ಎಂದು ಬಿಟ್ಟಿರಿ. ಹೆಂಗಸರನ್ನು ಕೇಳಿದಾಗಲೂ ಗಂಡಸರನ್ನು ಮುಂದೆ ಕೂರಿಸಿಕೊಂಡು ಕೇಳಿದಿರಿ. ಉತ್ತರ ಕೊಟ್ಟವರೇನು ಕಡಿಮೆಯೇ, ಪೀಡೆ ತೊಲಗಲಿ ಎಂದು ಎಲ್ಲಕ್ಕೂ ಚೆನ್ನಾಗಿದೆ ಎಂದೇ ಒತ್ತಿದರು. ಆ ಸುಳ್ಳು ಈಗ ನಮ್ಮ ಓಣಿಯಲ್ಲಿ ಕಂಬವಾಗಿ ನಿಂತಿದೆ.

ಭಾವನ ಶಿವಗಣಾರಾಧನೆ ಮುಗಿದ ಮೇಲೆ ಸಾವನ್ನು ಬರೆಸಲು ಅಕ್ಕನೇ ಹೋಗಬೇಕಾಯಿತು. ಹೆಂಡತಿಯೇ ಹೇಳಬೇಕೆಂಬುದು ನಿಯಮ. ಕಂಬ ತೀರಿಕೊಂಡವರ ಹೆಸರು ಕೇಳಿತು. ತಗ್ಗುವುದಕ್ಕೆ ಇನ್ನು ಆಯುಸ್ಸು ಉಳಿದಿರಲಿಲ್ಲ. ಮೊದಲ ಸಲ ಹೇಳಿದಳು, ಸ್ಪಷ್ಟವಾಗಿ. ಕಂಬ ತಕ್ಷಣ ಧನ್ಯವಾದ ಅಂದಿತು. ಆ ಉತ್ತರವೂ ಈಗ ಕಂಬ ಕಟ್ಟಿದವರ ಉತ್ತರಗಳ ರಾಶಿಗೆ ಸೇರಿದೆ. ನಾಳೆ ನನ್ನ ಅಕ್ಕನದೂ ಒಂದು ನೆರಳು ಹುಟ್ಟುತ್ತದೆ. ಅದು ಗಂಡನ ಹೆಸರನ್ನು ತಡವರಿಸದೆ ಹೇಳುತ್ತದೆ.

ಶಿವ ನಿಮ್ಮನ್ನು ಚೆನ್ನಾಗಿಟ್ಟಿರಲಿ ಎಂದು ಬರೆಯಲು ಕೈ ಬರುತ್ತಿಲ್ಲ. ಆದರೂ ಬೇಡುತ್ತೇನೆ. ನಿಮ್ಮಲ್ಲಿ ಮನೆ ಮನೆಗೆ ಹೋಗಿ ಕೇಳುವವರು ಯಾರಾದರೂ ಉಳಿದಿದ್ದರೆ ಬೇಗ ಹೊರಡಿ. ಹೆಸರು ಹೇಳದವಳ ಪಕ್ಕದಲ್ಲಿ, ಅವಳ ಗಂಡ ಬದುಕಿರುವಾಗಲೇ ಹೋಗಿ ಕೂತುಕೊಳ್ಳಿ.