ಹದಿನಾರನೇ ಎಸೆತ

ಇಚಲಕರಂಜಿ
ಮಂಗಳವಾರ, ೧೮ ಫೆಬ್ರುವರಿ ೨೦೨೫

ಕೇದಾರನ ಅಪ್ಪಾಜಿಯವರಿಗೆ ಅಲಕಾಳ ನಮಸ್ಕಾರಗಳು.

ನಿಮ್ಮ ಕೆಮ್ಮು ಈಗ ಹೇಗಿದೆ? ಮೊನ್ನೆ ಫೋನಿನಲ್ಲಿ ಮಾತಿಗಿಂತ ಕೆಮ್ಮೇ ಹೆಚ್ಚು ಕೇಳಿಸಿತು. ಆ ಹಿಮದಲ್ಲಿ ಬಿಸಿನೀರನ್ನೇ ಕುಡಿಯುತ್ತಿದ್ದೀರಿ ತಾನೇ? ಕೊಲ್ಹಾಪುರದ ಬೆಲ್ಲಕ್ಕೆ ಶುಂಠಿ ಹಾಕಿ ಅತ್ತೆಯವರು ಉಂಡೆ ಕಟ್ಟಿದ್ದಾರೆ, ಈ ಕಾಗದದ ಜೊತೆಗೇ ಕಳಿಸುತ್ತಿದ್ದೇನೆ. ಎಲ್ಲವನ್ನೂ ನಿಮ್ಮ ತುಕಡಿಯವರಿಗೆ ಹಂಚಿ ಬರಿಗೈಯಲ್ಲಿ ಕೂರಬೇಡಿ, ನಿಮ್ಮ ಸ್ವಭಾವ ನನಗೆ ಗೊತ್ತು. ಅತ್ತೆಯವರ ಮೊಣಕಾಲು ಪರವಾಗಿಲ್ಲ. ಕೇದಾರನ ಬೇಸ್‌ಬಾಲ್ ಆಟಕ್ಕಾಗಿ ಗಡಹಿಂಗ್ಲಜ ಬಿಟ್ಟು ಈ ಮಗ್ಗದ ಓಣಿಗೆ ಬಂದು ಎರಡು ವರ್ಷವಾದರೂ ಅವರಿಗೆ ಈ ಗದ್ದಲ ಒಗ್ಗಿಲ್ಲ. ಪವರ್‌ಲೂಮ್ ನಿಂತ ದಿನ ಮಾತ್ರ ತಾವು ಮನುಷ್ಯರ ನಡುವೆ ಇದ್ದೇವೆ ಅನ್ನಿಸುತ್ತದಂತೆ.

ಕೇದಾರನ ಆಯ್ಕೆಯ ಟ್ರಯಲ್ ಏನಾಯಿತು ಎಂದು ನೀವು ಮೊನ್ನೆ ರವಿವಾರ ಕೇಳಿದಾಗ ಇನ್ನೂ ಏನೂ ತಿಳಿದಿಲ್ಲ ಎಂದೆ. ಅದು ಸುಳ್ಳು. ಅತ್ತೆಯವರು ಬದಿಗೆ ಕೂತಿದ್ದರು, ಕೇದಾರ ಗೋಡೆಯ ಆ ಕಡೆ ನಿಂತು ಕೇಳುತ್ತಿದ್ದ, ಫೋನಿನಲ್ಲಿ ಹೇಳುವ ಮಾತಾಗಿರಲಿಲ್ಲ. ನಿಧಾನವಾಗಿ ಓದಿ. ನಡುವೆ ಸಿಟ್ಟು ಬಂದರೆ ಕಾಗದ ಮಡಚಿಟ್ಟು ಆಮೇಲೆ ಓದಿ, ಆದರೆ ಪೂರ್ತಿ ಓದಿ.

ಅವನ ಜೊತೆಗಾರ ಹರ್ಷದ ಪುಣೆಗೆ ಓದಲು ಹೋದ ಮೇಲೆ ನಮ್ಮ ಹುಡುಗನ ಚೆಂಡು ಹಿಡಿಯಲು ಯಾರೂ ಇರಲಿಲ್ಲವಲ್ಲ. ಆ ದಪ್ಪ ಗ್ಲೌಸು, ಮುಖಕ್ಕೆ ಕಬ್ಬಿಣದ ಜಾಳಿಗೆ ತೊಟ್ಟು ಸಾಲೆಯ ಮೈದಾನದಲ್ಲಿ ನಾನೇ ಕೂತೆ ಎಂದು ಹೇಳಿದಾಗ ನೀವು ಎಷ್ಟು ನಕ್ಕಿದ್ದಿರಿ. ಹುಕ್ಕೇರಿಯ ಸಾಲೆಯಲ್ಲಿ ಖೋಖೋ ಆಡಿದ ಕಾಲಿಗೆ ಇನ್ನೂ ಕೂರಲು ಬರುತ್ತದೆ. ಎಂಟು ತಿಂಗಳು ದಿನಾ ಮುಂಜಾನೆ ಅವನ ಮೊದಲ ಮೂವತ್ತು ಎಸೆತ ನಾನು ಹಿಡಿದಿದ್ದೇನೆ. ಚೆಂಡು ಎಷ್ಟು ವೇಗದಲ್ಲಿ ಬಂತು ಎಂದು ಕೋಚ್ ಭೂಪಾಲ ಸರ್ ತಮ್ಮ ವೇಗ ಅಳೆಯುವ ಯಂತ್ರ ನೋಡಿ ಹೇಳುವ ಮೊದಲೇ ನನ್ನ ಅಂಗೈ ಹೇಳುತ್ತಿತ್ತು. ಜನವರಿಯ ಸಂಕ್ರಮಣ ಮುಗಿದ ವಾರ ಅಂಗೈಗೆ ಏನೋ ಬೇರೆ ಅನ್ನಿಸಿತು. ಚೆಂಡು ನಾನು ಕೈ ಹಿಡಿದ ಕಡೆಗೆ ಬರದೆ ಮೇಲಕ್ಕೆ ಮೇಲಕ್ಕೆ ಹೋಗತೊಡಗಿತು. ಅದೇ ವಾರ ಅವನು ರೊಟ್ಟಿಯನ್ನು ಎಡಗೈಯಲ್ಲಿ ಮುರಿಯುವುದನ್ನು ಅತ್ತೆಯವರು ಕಂಡು ಗದರಿಸಿದರು. ನಾನು ಕೇಳಿದೆ. ಏನಿಲ್ಲ, ಮಲಗುವಾಗ ಕೈ ತಿರುಚಿದೆ ಎಂದ. ಇನ್ನೊಮ್ಮೆ ಕೇಳಿದರೆ ಎದ್ದು ಹೋದ.

ಆಗಲೇ ಭೂಪಾಲ ಸರ್ ಹತ್ತಿರ ಹೋಗಬೇಕಾಗಿತ್ತು. ಹೋಗಲಿಲ್ಲ. ಯಾಕೆ ಎಂದು ನಿಮಗೆ ಸುಳ್ಳು ಹೇಳುವುದಿಲ್ಲ. ಅಮೆರಿಕದ ಮೇಜರ್ ಲೀಗಿನ ತಂಡವೊಂದರಿಂದ ಪರೀಕ್ಷಕರು ಕೊಲ್ಹಾಪುರಕ್ಕೆ ಬರುತ್ತಾರೆ, ಗಂಟೆಗೆ ಎಂಬತ್ತೆಂಟು ಮೈಲಿ ಮುಟ್ಟಿದ ಹುಡುಗನನ್ನು ಅವರು ಮುಂದಿನ ತರಬೇತಿಗೆ ಕರೆದುಕೊಳ್ಳುತ್ತಾರೆ ಎಂದು ಸರ್ ಹೇಳಿದ ದಿನದಿಂದ ಮನೆಯಲ್ಲಿ ಆ ಅಂಕಿಯದೇ ಧ್ಯಾನ. ಕೇದಾರ ಎಂಬತ್ತೈದಕ್ಕೆ ಬಂದು ನಿಂತಿದ್ದ. ಇನ್ನು ಮೂರೇ ಮೈಲಿ. ಅವನಿಗೆ ಬೇಕಾದಷ್ಟೇ ನನಗೂ ಅದು ಬೇಕಾಗಿತ್ತು.

ಒಂಬತ್ತನೇ ತಾರೀಖು ಬೆಳಿಗ್ಗೆ ಎಂಟಕ್ಕೆ ಕೊಲ್ಹಾಪುರದ ಕಾಲೇಜು ಮೈದಾನದಲ್ಲಿ ಟ್ರಯಲ್. ಒಟ್ಟು ನಾಲ್ಕು ಹುಡುಗರು. ಪರೀಕ್ಷಕ ಅರವತ್ತರ ಮುದುಕ, ತಲೆಗೆ ಟೋಪಿ, ಮುಖದಲ್ಲಿ ನಗುವೂ ಇಲ್ಲ ಸಿಡುಕೂ ಇಲ್ಲ. ಪ್ರತಿಯೊಬ್ಬರೂ ಮೂವತ್ತು ಎಸೆಯಬೇಕು. ಕೇದಾರನದು ಮೂರನೇ ಸರದಿ. ಮೊದಲನೆಯದೇ ಎಂಬತ್ತಾರು. ನಾಲ್ಕನೆಯದು ಎಂಬತ್ತೇಳು. ಒಂಬತ್ತನೆಯದಕ್ಕೆ ಭೂಪಾಲ ಸರ್ ನನ್ನ ಕಡೆ ತಿರುಗಿ ಎಂಬತ್ತೆಂಟು ಎಂದು ಎಂಟು ಬೆರಳು ತೋರಿಸಿದರು. ಬಲೆಯ ಹಿಂದೆ ಕೂತಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ನಿಮ್ಮ ನೆನಪಾಗಿ ಕಣ್ಣು ತುಂಬಿತು.

ಆಮೇಲೆ ನೋಡಿದೆ. ಎಸೆದ ಪ್ರತಿ ಸಲವೂ ಅವನು ಆ ಮುದುಕನಿಗೆ ಕಾಣದಂತೆ ನಮ್ಮ ಕಡೆಗೆ ತಿರುಗಿ ಕೈಯನ್ನು ತೊಡೆಗೆ ಒತ್ತಿ ಕೊಡವುತ್ತಿದ್ದ. ಹದಿಮೂರಕ್ಕೆ ಅವರಿಗೆ ಬೆನ್ನು ತಿರುಗಿಸಿ ಅಂಗಿಯ ತೋಳು ಕಚ್ಚಿದ. ಹದಿನೈದನೆಯದು ಎಂಬತ್ತೊಂಬತ್ತು. ಜನ ಎದ್ದು ನಿಂತರು. ಹದಿನಾರನೆಯದನ್ನು ಎಸೆದ ಮೇಲೆ ಅವನ ಬೆರಳು ಮಡಚಲಿಲ್ಲ. ವಾಪಸು ಬಂದ ಚೆಂಡನ್ನು ಎಡಗೈ ಗ್ಲೌಸಿನಲ್ಲೇ ಇಟ್ಟುಕೊಂಡು ಬಲಗೈ ಬೆರಳುಗಳನ್ನು ಅದಕ್ಕೆ ಒಂದೊಂದಾಗಿ ಒತ್ತಿ ಕೂಡಿಸುತ್ತಿದ್ದ. ನಾನು ಎದ್ದು ಬಲೆ ದಾಟಿ ಮೈದಾನದೊಳಗೆ ನಡೆದೆ.

ಭೂಪಾಲ ಸರ್ ಅಡ್ಡ ಬಂದರು. "ಈಗ ಬರಬ್ಯಾಡ್ರಿ ತಾಯಿ. ಇನ್ನ ಹದಿನಾಕ ಅದಾವು."

"ಅವನ ಮೊಳಕೈ ನೋಯಾಕತ್ತೈತ್ರಿ ಸರ್. ಅವರಿಗೆ ಹೇಳ್ರಿ," ಎಂದೆ.

ಅವರು ದಾರಿ ಬಿಡಲಿಲ್ಲ. ಕೇದಾರ ಅಲ್ಲಿಂದಲೇ, "ಅವ್ವಾ, ಏನೂ ಇಲ್ಲ. ಹೊರಗ ಹೋಗು," ಎಂದ. ಜೋರಾಗಿ ಹೇಳಲಿಲ್ಲ. ಬೇಡಿಕೊಂಡ ಹಾಗೆ ಹೇಳಿದ. ಹದಿನೇಳು ವರ್ಷದಲ್ಲಿ ಅವನು ನನ್ನನ್ನು ಹಾಗೆ ಬೇಡಿದ್ದಿಲ್ಲ. ಒಂದು ಗಳಿಗೆ ಕಾಲು ನಿಂತದ್ದು ನಿಜ. ನಂತರ ನಾನೇ ಆ ಮುದುಕನ ಹತ್ತಿರ ಹೋಗಿ, ಬರುವ ಇಂಗ್ಲಿಷಿನಲ್ಲಿ, ಎಲ್ಬೋ, ಪೇನ್ ಎಂದು ನನ್ನ ಮೊಳಕೈ ತೋರಿಸಿದೆ. ಅವರು ಯಂತ್ರ ಕೆಳಗಿಟ್ಟು ಕೇದಾರನ ಹತ್ತಿರ ಹೋದರು. ತೋಳನ್ನು ಹಗುರಾಗಿ ಹಿಡಿದು ಒಳಬದಿಯಲ್ಲಿ ಹೆಬ್ಬೆರಳಿನಿಂದ ಒತ್ತಿದರು. ನಮ್ಮ ಹುಡುಗ ತೋಳು ಕಿತ್ತುಕೊಂಡು ಹಿಂದೆ ಸರಿದ. ಇವತ್ತಿಗೆ ಸಾಕು ಎಂದು ಅವರು ಸರ್‌ಗೆ ಹೇಳಿ ನಾಲ್ಕನೇ ಹುಡುಗನನ್ನು ಕರೆದರು.

ಬಸ್ಸಿನಲ್ಲಿ ಕೇದಾರ ನನ್ನ ಬದಿಗೆ ಕೂರಲಿಲ್ಲ, ಮುಂದಿನ ಬಾಗಿಲ ಹತ್ತಿರ ಕೂತ. ಹಾತಕಣಂಗಲೆಯಲ್ಲಿ ಬಸ್ಸು ನಿಂತು ಹೊರಟಿತು. ನೋಡುತ್ತೇನೆ, ಅವನ ಸೀಟು ಖಾಲಿ. ಚೀಲ ಅಲ್ಲೇ ಇತ್ತು. ಬಸ್ಸು ನಿಲ್ಲಿಸಿ ಇಳಿದು ವಾಪಸು ಓಡಿದೆ. ಸ್ಟ್ಯಾಂಡಿನಲ್ಲಿಲ್ಲ, ಚಹದ ಅಂಗಡಿಯಲ್ಲಿಲ್ಲ. ಉದ್ದನೆಯ ಹುಡುಗ ಸ್ಟೇಶನ್ ಕಡೆ ಹೋದ ಎಂದು ಹೂ ಮಾರುವ ನಾಗೂಬಾಯಿ ಎಂಬ ಹೆಂಗಸು ಮರಾಠಿಯಲ್ಲಿ ಹೇಳಿ, ನನ್ನ ಮುಖ ನೋಡಿ ಬುಟ್ಟಿ ಬಿಟ್ಟು ತಾನೂ ಜೊತೆಗೆ ಬಂದಳು. ರೈಲು ಬರುವ ಸಪ್ಪಳ ಕೇಳಿಸುತ್ತಿತ್ತು. ಆ ದಾರಿ ಎಷ್ಟು ಉದ್ದವಿತ್ತೆಂದು ನಾನು ಹೇಳಲಾರೆ. ನಾವು ಮೆಟ್ಟಿಲು ಹತ್ತುವಷ್ಟರಲ್ಲಿ ಗಾಡಿ ನಮ್ಮ ಮುಂದೆಯೇ ದಡದಡ ಹಾದುಹೋಯಿತು. ಕೊನೆಯ ಡಬ್ಬಿ ಸರಿದ ಮೇಲೆ ಆ ಕಡೆಯ ಬಾಕಿನ ಮೇಲೆ ಅವನು ಕಂಡ, ಬಲಗೈಯನ್ನು ತೊಡೆಯ ಮೇಲೆ ಕೂಸಿನಂತೆ ಇಟ್ಟುಕೊಂಡು. ನಾನು ಬೈಯಲಿಲ್ಲ. ನಾಗೂಬಾಯಿಯನ್ನು ಕಳಿಸಿ, ದಾಟಿ ಹೋಗಿ ಅವನ ಬದಿಗೆ ಕೂತೆ.

ಎರಡು ತಾಸು ಅಲ್ಲೇ ಕೂತೆವು. ಅಲ್ಲೇ ಅವನು ಬಾಯಿಬಿಟ್ಟ. ದಿನಕ್ಕೆ ಅರವತ್ತೇ ಎಸೆತ ಎಂದು ಸರ್ ಮಿತಿ ಹಾಕಿದ್ದರು. ಇವನು ಮಧ್ಯಾಹ್ನ ಸಾಲೆಯ ಹಿಂದಿನ ಗೋಡೆಗೆ ಇನ್ನೂ ನೂರು ಎಸೆಯುತ್ತಿದ್ದನಂತೆ, ಆ ಮೂರು ಮೈಲಿಗಾಗಿ.

"ಸಾಯಾಕ ಬಂದಿದ್ದಿಲ್ಲವ್ವಾ," ಎಂದ. "ಮನಿಗೆ ಹ್ಯಾಂಗ ಬರೂದು ತಿಳೀಲಿಲ್ಲ. ಚೆಂಡ ಬಿಟ್ರ ನನಗ ಬ್ಯಾರೆ ಏನ ಬರತೈತಿ?"

ಉಣ್ಣೋಣ ನಡಿ ಎಂದೆ.

ಬುಧವಾರ ಕೊಲ್ಹಾಪುರದಲ್ಲಿ ಡಾಕ್ಟರು ಕೈಯ ಚಿತ್ರ ತೆಗೆಸಿದರು. ಮೊಳಕೈ ಒಳಗಿನ ನರದಂಥ ಪಟ್ಟಿ ಅರ್ಧ ಹರಿದಿದೆ. ಪೂರ್ತಿ ಹರಿದಿಲ್ಲ, ಆಪರೇಶನ್ ಈಗ ಬೇಡ. ನಾಲ್ಕು ತಿಂಗಳು ಚೆಂಡು ಮುಟ್ಟಬಾರದು, ಆಮೇಲೆ ಕೂಸು ನಡೆಯಲು ಕಲಿಯುವ ಹಾಗೆ ಮೊದಲಿನಿಂದ. ಉಳಿದ ಹದಿನಾಲ್ಕನ್ನೂ ಎಸೆದಿದ್ದರೆ ಪೂರ್ತಿ ಹರಿಯುತ್ತಿತ್ತೇ ಎಂದು ಕೇಳಿದೆ. ಅದನ್ನು ಯಾರೂ ಹೇಳಲಾರರು ಎಂದರು. ಹೌದು ಎಂದಿದ್ದರೆ ನನಗೆ ಸಮಾಧಾನವಿರುತ್ತಿತ್ತು.

ಶುಕ್ರವಾರ ಭೂಪಾಲ ಸರ್ ಮನೆಗೆ ಬಂದರು. ಸಾತಾರದ ಹುಡುಗ ಆಯ್ಕೆಯಾಗಿದ್ದಾನೆ. ಆ ಮುದುಕ ಕೇದಾರನಿಗೆ ವ್ಯಾಯಾಮದ ಎರಡು ಹಾಳೆ ಕೊಟ್ಟು ಹೋಗಿದ್ದಾರೆ. ಮುಂದಿನ ವರ್ಷ ಬರುತ್ತೇನೋ ಇಲ್ಲವೋ ಗೊತ್ತಿಲ್ಲ, ಬಂದರೆ ಈ ಕೈಯನ್ನು ಇನ್ನೊಮ್ಮೆ ನೋಡುತ್ತೇನೆ ಎಂದಷ್ಟೇ ಹೇಳಿದರಂತೆ. ಹೋಗುವಾಗ ಸರ್ ಬಾಗಿಲಲ್ಲಿ ನಿಂತು, "ಹನ್ನೊಂದನೇದಕ್ಕ ನನಗೂ ಸಂಶೆ ಬಂದಿತ್ರಿ. ಎಂಬತ್ತೆಂಟು ಮುಟ್ಯಾನಂತ ಸುಮ್ಮನಾದೆ," ಎಂದರು. ಅವರ ಮೇಲಿನ ನನ್ನ ಸಿಟ್ಟು ಅಲ್ಲಿಗೆ ಇಳಿಯಿತು. ಹಾಗೆ ಬಂದು ಹೇಳುವವರು ಎಷ್ಟು ಜನ ಇರುತ್ತಾರೆ?

ಈಗ ಕೇದಾರ ಉಣ್ಣುತ್ತಾನೆ, ಕಾಲೇಜಿಗೆ ಹೋಗುತ್ತಾನೆ, ಹಾಳೆಯಲ್ಲಿದ್ದ ವ್ಯಾಯಾಮ ಮಾಡುತ್ತಾನೆ. ನನ್ನ ಜೊತೆ ಬೇಕಾದಷ್ಟೇ ಮಾತು. ನಾನು ಮಾಡಿದ್ದು ಸರಿಯೋ ತಪ್ಪೋ ಎಂದು ನಿಮ್ಮನ್ನು ಕೇಳುತ್ತಿಲ್ಲ. ಇನ್ನೊಮ್ಮೆ ಹಾಗೇ ಆದರೂ ಹಾಗೇ ಎದ್ದು ಹೋಗುತ್ತೇನೆ.

ಅತ್ತೆಯವರು ನಿಮಗೆ ಆಶೀರ್ವಾದ ಹೇಳಿದ್ದಾರೆ, ಕಿವಿ ಮುಚ್ಚಿಕೊಂಡು ಪಹರೆ ಮಾಡಬೇಕಂತೆ. ಬಸವಣ್ಣ ನಿಮ್ಮನ್ನು ಆ ಎತ್ತರದಲ್ಲಿ ಬೆಚ್ಚಗಿಡಲಿ.

ನಿಮ್ಮ
ಅಲಕಾ

ತಾ.ಕ.: ಪೋಸ್ಟ್ ಆಫೀಸು ಮುಚ್ಚಲು ಅರ್ಧ ತಾಸಿದೆ. ಇಷ್ಟುದ್ದ ಬರೆದರೂ ಇದನ್ನು ಬರೆಯಲು ಕೈ ಬಂದಿರಲಿಲ್ಲ. ನೋವು ಶುರುವಾದದ್ದು ನೀವು ದೀಪಾವಳಿಗೆ ರಜೆಯಲ್ಲಿದ್ದಾಗ ಎಂದು ಕೇದಾರ ನಿನ್ನೆ ಹೇಳಿದ. ಮೊದಲು ನಿಮಗೇ ಹೇಳಿದನಂತೆ. "ಟ್ರಯಲ್ ಮುಗಿಯೋ ತನಕ ತಡಕೋ. ನಿಮ್ಮವ್ವಗ ಹೇಳಬ್ಯಾಡ, ಆಕಿ ಆಡಾಕ ಬಿಡಂಗಿಲ್ಲ" ಎಂದಿರಂತೆ. ನಿಮ್ಮ ಹೆಸರು ಬಾರದಿರಲಿ ಎಂದು ಇಷ್ಟು ದಿನ ಎಲ್ಲ ತಪ್ಪನ್ನೂ ಅವನೊಬ್ಬನೇ ಹೊತ್ತುಕೊಂಡು ಕೂತಿದ್ದ, ಆ ಸ್ಟೇಶನ್ನಿನಲ್ಲಿಯೂ. ಕಾಗದ ಮುಟ್ಟಿದ ಮೇಲೆ ಫೋನ್ ಮಾಡಿದಾಗ ನನ್ನನ್ನು ಕರೆಯಬೇಡಿ. ಅವನನ್ನೇ ಕರೆದು, ನಾನು ಹಾಗೆ ಹೇಳಬಾರದಿತ್ತು ಎಂದು ನಿಮ್ಮ ಬಾಯಿಂದಲೇ ಹೇಳಿ. ನಮ್ಮಿಬ್ಬರ ಮಾತು ನೀವು ಊರಿಗೆ ಬಂದ ಮೇಲೆ.