ಮಾನಿಟರ್ ಅಷ್ಟ ಬಂದ್ ಇತ್ತು

ಸೆಪ್ಟೆಂಬರ್ ೩, ೨೦೧೨. ಸಂಜಿ

ಕರೆಂಟ್ ಬಂತು. ಬಂತಂದ್ರ ಅಣ್ಣನ ಮಗ್ಗಾನೂ ಸುರು. ಖಟ್ ಖಟ್ ಖಟ್... ಹೆಡ್‌ಫೋನ್ ಹಾಕ್ಕೊಂಡ್ರೂ, ಒತ್ತಿದ ಅಕ್ಷರ ಓದಿ ಹೇಳೂ ಕಂಪ್ಯೂಟರ್ ಏನ್ ಅಂತೈತಿ ತಿಳೀವಲ್ದು. ಕರೆಂಟ್ ಹೋದ್ರ ಮನಿ ತಣ್ಣಗ, ಆದ್ರ ಕಂಪ್ಯೂಟರೂ ಸತ್ತ ಬೀಳತೈತಿ. ಬನಹಟ್ಟ್ಯಾಗ ಕಣ್ಣಿಲ್ಲದಾಕಿ ಕಂಪ್ಯೂಟರ್ ಕಲೀಬೇಕಂದ್ರ ಹಣೇಬರಾ ಇಷ್ಟ.

ಗಿರಿಮಲ್ಲಪ್ಪ ಸರ್ ಪಾಠ ಮತ್ತೊಮ್ಮೆ ಕೇಳಿದೆ. ಜಮಖಂಡಿಯವ್ರು, ಅವರಿಗೂ ಕಣ್ಣಿಲ್ಲ. ಪಾಠ ಎಲ್ಲಾ ತಾವ ಮಾತಾಡಿ ಮೆಮರಿ ಕಾರ್ಡಿಗೆ ಹಾಕಿ ಕೊಡತಾರ. "ಮೌಸ್ ಮರೀರವಾ. ಅದು ಕಣ್ಣಿದ್ದವ್ರ ಚೈನಿ. ನೀವು ಟ್ಯಾಬ್ ಒತ್ರಿ, ಕೇಳ್ರಿ. ಮತ್ತ ಒತ್ರಿ, ಕೇಳ್ರಿ." ದಿನಾ ಏನರೆ ಟೈಪ್ ಮಾಡಿ ರೂಢಿ ಮಾಡ್ಕೋ ಅಂದಾರ. ಅದಕ್ಕ ಇದು. ಯಾರೂ ಓದೂದಿಲ್ಲ, ಬಿಡು.

ಅವ್ವ ಬಂದು ಮಾನಿಟರ್ ಬಂದ್ ಮಾಡಿದ್ಲು. "ನಿನಗೇನ್ ಕಾಣತೈತಿ ಮಾದೇವಿ, ಸುಮ್ನ ಯಾಕ ಕರೆಂಟ್ ಸುಡತಿ?" ದಿನಾ ಇದ. ಖರೆ ಐತಿ ಬಿಡು. ನಾಳಿಂದ ಕುಂಡ್ರೂ ಮೊದಲ ನಾನ ಬಂದ್ ಮಾಡತೇನಿ.

ಸೆಪ್ಟೆಂಬರ್ ೯

ರಬಕವಿಯಿಂದ ಪೂನಮ್‌ನ ಮನಿಯವ್ರು ಬಂದಿದ್ರು, ನಮ್ಮಣ್ಣಗ ಹೆಣ್ಣು ಕೊಡಾಕ. ಬಂಡಣ್ಣಗ ಹುಡುಗಿ ಒಪ್ಪಿಗಿ, ಹುಡುಗಿಗೂ ಅಣ್ಣ ಒಪ್ಪಿಗಿ. ನಾ ಒಳಗ ಕುಂತಿದ್ದೆ. ಕಿವಿ ಏನ್ ಹೋಗಿಲ್ಲಲ್ಲ. ಹುಡುಗಿ ಅಪ್ಪ ಚಾ ಕುಡೀತ ಕೇಳಿದಾ, "ಕಣ್ಣಿಲ್ಲದ ತಂಗೀನ ಮುಂದ ಯಾರ್ ನೋಡ್ಕೊಳ್ಳಾವ್ರಿ? ನಮ್ಮ ಹುಡುಗಿ ಕೊರಳಿಗೆ ಬೀಳೂದ ಬ್ಯಾಡ್ರಿ."

"ಆಕಿಗೆ ನೌಕರಿ ಆಕ್ಕೈತ್ರಿ," ಅಣ್ಣ ಅಂದಾ. "ಇದ ತಿಂಗಳ ಟೈಪಿಂಗ್ ಪರೀಕ್ಷಾ ಐತಿ. ಅಂಗವಿಕಲರ ಜಾಗಾ, ಸರ್ಕಾರಿ ಆಫೀಸಿನ್ಯಾಗ."

"ನೌಕರಿ ಆದ್ರ ಆತು ಬಿಡ್ರಿ. ನಿಶ್ಚೇ ಮಾಡೂನು."

ಅಂದ್ರ ಅಣ್ಣನ ಲಗ್ನ ನನ್ನ ಬೆರಳ ಮ್ಯಾಲೆ ಕುಂತೈತಿ. ಎಪ್ಪಾ, ದೇವರ...

ಸೆಪ್ಟೆಂಬರ್ ೧೦

ಅಣ್ಣ ಮಗ್ಗ ನಿಲ್ಲಿಸಿದಾ. ಕರೆಂಟ್ ಇದ್ದಾಗ! "ಒಂದ ತಾಸು ನಿಂದು. ಕಲಿ." ಒಂದೊಂದ ಅಕ್ಷರ ಕಿವ್ಯಾಗ ಬಿತ್ತು. ನಡುವ ಬಂದು "ಏನಂತೈತಿಲೇ ನಿನ್ನ ಯಂತ್ರ?" ಅಂದಾ. ಹೆಡ್‌ಫೋನ್ ಕಿತ್ತು ಕೇಳಸಿದೆ.

"ಯಾವೂರ ಕನ್ನಡ ಬೇ ಇದು? ಮೂಗು ಹಿಡಕೊಂಡು ಮಾತಾಡಿದಂಗ ಐತಿ."

ಇಬ್ಬರೂ ನಕ್ಕೇವು. ಬಾಳ ದಿನದ ಮ್ಯಾಲೆ.

ಸೆಪ್ಟೆಂಬರ್ ೨೩. ಪರೀಕ್ಷಾ ಮುಗದ ಮ್ಯಾಲೆ

ಯಾರ ಮುಂದೂ ಹೇಳಾಕ ಆಗೂದಿಲ್ಲ. ಇಲ್ಲೇ ಬರೀತೇನಿ. ಮಗ್ಗ ನಡದೈತಿ, ಯಾರಿಗೂ ಕೇಳಸೂದಿಲ್ಲ.

ಜಮಖಂಡ್ಯಾಗ ಪರೀಕ್ಷಾ. ನನ್ನ ಕಂಪ್ಯೂಟರಿಗೆ ಮಾತಾಡೂ ಸಾಫ್ಟ್‌ವೇರ್ ಹಾಕಿದ್ರು. ಸರ್ ಓಡ್ಯಾಡಿ ಹಾಕಿಸಿದ್ದು. ಕುಂತೆ. ರೂಢಿ ನೋಡು... ಕೈ ತಾನ ಹೋತು, ಮಾನಿಟರ್ ಬಂದ್ ಮಾಡಿದೆ. ರೆಕಾರ್ಡ್ ಮಾಡಿದ ಮಜಕೂರ ಕೇಳಿ ಟೈಪ್ ಮಾಡೂದು. ಛಲೋ ನಡದಿತ್ತು. ಖರೇನ ಛಲೋ ನಡದಿತ್ತು. ಇನ್ನೊಂದ ನಾಕ ಸಾಲು ಅಷ್ಟ. ಒಮ್ಮಿಂದೊಮ್ಮೆ ಕಿವಿ ಖಾಲಿ.

"ಅಯ್ಯ, ನಿಮ್ದು ಬಂದ್ ಆಗಿತ್ತಲ್ರಿ ಅಕ್ಕಾರ." ಮ್ಯಾಲ್ವಿಚಾರಣಿ ಮೇಡಂ. ಬಾಳ ಅಂತಃಕರಣದ ದನಿ. "ಸ್ಕ್ರೀನ್ ಕರ್ರಗ ಇತ್ತು. ಪಾಪ, ಇಷ್ಟೊತ್ತನ ಸುಮ್ನ ಕೀಬೋರ್ಡ್ ಬಡಿಯಾಕತ್ತಾರಲ್ಲ ಅಂತ ಸಿಪಿಯು ಬಟನ್ ಒತ್ತಿ ಹಿಡದು ಮತ್ತ ಚಾಲೂ ಮಾಡಾಕತ್ತೇನ್ರಿ."

ಚೀರಿದೆ. "ಮೇಡಮ್ಮಾರ, ಅದು ಚಾಲೂನ ಇತ್ರಿ! ಮಾನಿಟರ್ ಅಷ್ಟ ಬಂದ್ ಇತ್ರಿ!"

"ಮಾನಿಟರ್ ಯಾಕ ಬಂದ್ ಮಾಡಿದ್ರಿ ಮತ್ತ?"

ಕರೆಂಟ್ ಉಳಸಾಕ್ರಿ ಅಂದೆ. ಆ ಪರೀಕ್ಷಾದ ಪ್ರೋಗ್ರಾಂ ಕಡೀಕೊಮ್ಮೆ ಅಷ್ಟ ಸೇವ್ ಆಗೂದು. ಬರದದ್ದೆಲ್ಲಾ ಹೋತು. ಪರೀಕ್ಷಾ ಸಾಹೇಬ ಬಂದು "ಎಲ್ಲಾರಿಗೂ ಒಂದ ಟೈಮ್, ಹೆಚ್ಚಿಗಿ ಕೊಡೂದಿಲ್ಲ" ಅಂದಾ. ಮಶೀನ್ ಎದ್ದತು, ಮಾತಾಡೂ ಸಾಫ್ಟ್‌ವೇರ್ ಏಳಲಿಲ್ಲ. ಅದನ್ನ ಎಬ್ಬಸೂದ್ರಾಗ ಗಂಟಿ ಹೊಡದ್ರು. ಖಾಲಿ ಹಾಳಿ ಪ್ರಿಂಟ್ ಮಾಡಿ ಹೆಬ್ಬೆಟ್ಟ ಒತ್ತಿಸ್ಕೊಂಡ್ರು. ಟೈಪಿಸ್ಟ್ ನೌಕರಿಗೆ ಹೆಬ್ಬೆಟ್ಟ! ಥೂ.

ಹೊರಗ ಅಣ್ಣ ಮಿರ್ಚಿ ಭಜಿ ಕಟ್ಟಿಸ್ಕೊಂಡು ನಿಂತಿದ್ದಾ. ಬಿಸಿಬಿಸಿ ಪೊಟ್ಟಣ ಕೈಯಾಗಿಟ್ಟು "ಹೆಂಗಾತು?" ಅಂದಾ.

ಛಲೋ ಆತು ಅಂದೆ. ಅಂದುಬಿಟ್ಟೆ.

ಸೆಪ್ಟೆಂಬರ್ ೨೬

ಸರ್‌ಗೆ ಫೋನ್ ಹಚ್ಚಿ ಎಲ್ಲಾ ಹೇಳಿದೆ. ಅರ್ಜಿ ಕೊಡೂನು, ಜಗಳಾಡೂನು ಅಂದ್ರು.

"ಮತ್ತ ಕರೀತಾರೇನ್ರಿ?"

"ಕರದ್ರೂ ವರ್ಷ ಹಿಡದೀತವಾ." ಆಮ್ಯಾಲೆ ಕೇಳಿದ್ರು, "ಮನ್ಯಾಗ ಹೇಳಿಯಿಲ್ಲೋ?"

ಫೋನ್ ಇಟ್ಟೆ.

ಅಣ್ಣ ಇನ್ನೂ ದಿನಾ ಮಗ್ಗ ನಿಲ್ಲಸ್ತಾನ. "ನೌಕರಿಗೆ ಹೋದ ಮ್ಯಾಲೂ ಬೇಕಾಕ್ಕೈತಿ, ಕಲಿ." ಕೀಬೋರ್ಡ್ ಮ್ಯಾಲೆ ಕೈ ಇಟ್ಕೊಂಡು ತಣ್ಣಗ ಕುಂಡ್ರತೇನಿ. ಆ ತಾಸಿನ್ಯಾಗ ಸಾಯಬೇಕ ಅನಸತೈತಿ.

ಅಕ್ಟೋಬರ್ ೭. ಮುಂಜಾನೆ

ಇವತ್ತ ನಿಶ್ಚೇ. ನೌಕರಿ ಪಕ್ಕಾ ಅಂತ ಅಣ್ಣ ರಬಕವಿಗೆ ಹೇಳಿ ಕಳಿಸ್ಯಾನ. ಫಲಿತಾಂಶ ಬರೂತನಕ ತಡೀ ಅಂತರೆ ಅನಬೇಕಿತ್ತು. ಅನ್ನಲಿಲ್ಲ. ರಾತ್ರಿ ಊಟಕ್ಕ ಕುಂತಾಗ ಬಾಯಿ ತಗದೆ. "ಏನಬೇ?" ಅಂದಾ. "ಉಪ್ಪು ಕೊಡು" ಅಂದೆ.

ಮಗ್ಗ ಬಂದ್. ಅವ್ವ ಅಡಗಿಮನ್ಯಾಗ ಹೋಳಿಗಿ ಮಾಡಾಕತ್ತಾಳ. ಅಣ್ಣ ನನ್ನ ಹಿಂದ ಹೊಸಾ ಅಂಗಿ ತೊಡಾಕತ್ತಾನ, ಸಿಳ್ಳಿ ಹಾಕ್ಕೋತ. ಬೀಗರು ಈಗಿಂದೀಗ ಬರತಾರ. ಅವರು ಬಂದು ಕುಂಕುಮ ಹಚ್ಚಿದ್ರ ಮುಗೀತು. ಪಾಪ, ಆ ಹುಡುಗಿಗೂ ಮೋಸ.

ಬಾಯಿಲೆ ಹೇಳಾಕ ಆಗವಲ್ದು. ಹೆಡ್‌ಫೋನ್ ಕಿತ್ತೇನಿ. ಆವಾಜ ಪೂರಾ ಏರಿಸೇನಿ. ಇನ್ನ ಮ್ಯಾಲೆ ನಾ ಟೈಪ್ ಮಾಡಿದ್ದೆಲ್ಲಾ ಇದು ಒದರತೈತಿ. ಒದರಲಿ.

ಬಂಡಣ್ಣಾ.

ಸಿಳ್ಳಿ ನಿಂತತು.

ಅಣ್ಣಾ ನಗಬ್ಯಾಡ. ಯಂತ್ರ ಅಲ್ಲ, ನಾನ ಮಾತಾಡಾಕತ್ತೇನಿ. ನೌಕರಿ ಇಲ್ಲ. ಆ ದಿನ ಖಾಲಿ ಹಾಳಿ ಕೊಟ್ಟು ಬಂದೇನಿ. ಛಲೋ ಆತು ಅಂದದ್ದು ಸುಳ್ಳ. ಪೂನಮ್ ಅಪ್ಪಗ ಈಗ ಫೋನ್ ಹಚ್ಚು, ಖರೆ ಹೇಳು. ಆಮ್ಯಾಲೆ ನನ್ನ ಬೈ. ಹೊಡಿ ಬೇಕಾದ್ರ. ಹಿಂಗ ಸುಮ್ನ ನಿಂದರಬ್ಯಾಡ ಅಣ್ಣಾ, ನೀ ಎಲ್ಲಿದ್ದಿ ತಿಳೀವಲ್ದು ನನಗ, ಏನರೆ ಅನ್ನು.